ಪೆಟ್ರೋಲ್ ಮುಚ್ಚಳಕ್ಕೆ ನಾನು ಹಾಕಿದ ರಬ್ಬರು

ಪೆಟ್ರೋಲ್ ವಾಸನೆ ಹತ್ತಿದ ರೊಟ್ಟಿಯನ್ನು ನಾಯಿಯೂ ಮೂಸುವುದಿಲ್ಲ. ನಮ್ಮದು ಹಳಿಯಾಳದಲ್ಲಿ ರೊಟ್ಟಿ ಮಾಡಿ ಮಾರುವ ಮನೆ. ನಾನು ಬಡಿಯುತ್ತೇನೆ, ಸೊಸೆ ಬೇಯಿಸುತ್ತಾಳೆ. ಆಮೇಲೆ ಅವಳೇ ಹಳೆಯ ಕಾರಿನಲ್ಲಿ ಹಾಕಿಕೊಂಡು ಹೋಗಿ ದಾಂಡೇಲಿಯ ಬಂಗೂರನಗರದ ಮನೆಗಳಿಗೆ, ಮೆಸ್ಸುಗಳಿಗೆ ಕೊಟ್ಟು ಬರುತ್ತಾಳೆ. ಕಾರು ಮೊಮ್ಮಗಳಿಗಿಂತ ಹಳೆಯದು. ಮಗನಿಗೆ ಕಾರ್ಖಾನೆಯ ಪಾಳಿ, ಅವನಿಗೆ ಬೈಕು ಸಾಕು.

ಆ ಕಾರಿನ ಪೆಟ್ರೋಲ್ ಮುಚ್ಚಳದ ರಬ್ಬರು ಸವೆದಿತ್ತು. ತಿರುವಿನಲ್ಲಿ ಪೆಟ್ರೋಲ್ ತುಳುಕಿ ವಾಸನೆ ಒಳಗೆ ಬರುತ್ತಿತ್ತು. ಒಂದು ದಿನ ಗಿರಾಕಿ ಹೆಂಗಸೊಬ್ಬಳು ರೊಟ್ಟಿ ವಾಪಸು ಕಳಿಸಿದಳು. ನಾನು ಬಡಿದ ರೊಟ್ಟಿ ಯಾವತ್ತೂ ವಾಪಸು ಬಂದಿರಲಿಲ್ಲ. ಹಳೆಯ ಸೈಕಲ್ ಟ್ಯೂಬನ್ನು ದುಂಡಗೆ ಕತ್ತರಿಸಿ ಮುಚ್ಚಳದೊಳಗೆ ಒತ್ತಿ ಕೂರಿಸಿದೆ. ಮುಚ್ಚಳದ ನಡುವೆ ಸಣ್ಣದೊಂದು ತೂತಿತ್ತು. ವಾಸನೆ ಅಲ್ಲಿಂದಲೇ ಬರುತ್ತದೆಂದು ಅದೂ ಮುಚ್ಚುವ ಹಾಗೆ ಕೂರಿಸಿದೆ. ಯಾರಿಗೂ ಹೇಳಲಿಲ್ಲ. ಕುಕ್ಕರಿಗೆ ರಬ್ಬರು ಹಾಕಿದರೆ ಡಂಗುರ ಸಾರುತ್ತೇವೆಯೇ?

ವಾಸನೆ ಹೋಯಿತು. ಆದರೆ ಅದೇ ವಾರದಿಂದ ಕಾರು ದಾರಿಯಲ್ಲಿ ನಿಲ್ಲತೊಡಗಿತು. ನಡುವಿನ ಸಾಂಬ್ರಾಣಿ ಊರು ದಾಟಿದ ಮೇಲೆ ಬಿಕ್ಕಳಿಸುವುದು, ಆರಿ ಹೋಗುವುದು. ಸ್ವಲ್ಪ ಹೊತ್ತು ಸುಮ್ಮನೆ ಕೂತು ಕೀಲಿ ತಿರುವಿದರೆ ಮತ್ತೆ ಚಾಲೂ ಆಗುವುದು. ಮಿಸ್ತ್ರಿ ಕಾರ್ಬುರೇಟರ್ ತೊಳೆದ, ಫಿಲ್ಟರ್ ಬದಲಿಸಿದ, ಪಂಪು ನೋಡಿದ. ಪೆಟ್ರೋಲ್ ಸರಿಯಾಗಿಯೇ ಬರುತ್ತಿದೆ ಎಂದ. ಮಗ ರಜೆಯ ದಿನ ಊರೊಳಗೆ ಒಂದು ಸುತ್ತು ಹೊಡೆದ. ಎಲ್ಲಿಯೂ ನಿಲ್ಲಲಿಲ್ಲ.

"ನನ್ನ ಕೈಯಾಗ ನಿಲ್ಲೂದಿಲ್ಲ, ನಿನ್ನ ಕೈಯಾಗ ಹೆಂಗ ನಿಲ್ತೈತಿ?" ಎಂದು ಸೊಸೆಯನ್ನು ಕೇಳಿದ.

"ದಾಂಡೇಲಿ ತನಕ ಹೊಡೀರಿ, ಆಮ್ಯಾಲೆ ಮಾತಾಡ್ರಿ."

"ಕ್ಲಚ್ಚಿನ ಮ್ಯಾಲೆ ಕಾಲಿಟ್ಕೊಂಡ ಕುಂತಿರ್ತಿ. ತಲಿ ಎಲ್ಲಿಟ್ಟಿರ್ತಿ?"

ಅಲ್ಲಿಗೇ ಬಿಡಬಹುದಿತ್ತು. ನಾನು ಬಿಡಲಿಲ್ಲ. "ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಸೂವಾಕಿ ಕೈಯಾಗ ಕಾರ್ ಕೊಟ್ರ ಇನ್ನೇನಾಗ್ತೈತಿ? ಒಬ್ಬ ಡ್ರೈವರ್‌ನ ನೋಡಪಾ" ಎಂದೆ.

ಮಗ ಒಪ್ಪಿದ. ಸೋಮವಾರದಿಂದ ಡ್ರೈವರ್ ಬರಬೇಕೆಂದು ಮಾತಾಯಿತು. ಸೊಸೆ ಎದ್ದು ಒಳಗೆ ಹೋದಳು. ದಿನಕ್ಕೆ ಕಾರು ಓಡಿಸುವಷ್ಟು ಹೊತ್ತು ಮಾತ್ರ ಅವಳು ಒಲೆಯಿಂದ, ನನ್ನ ಬಾಯಿಂದ ದೂರ ಇರುತ್ತಿದ್ದಳು. ದಾಂಡೇಲಿಯಿಂದ ಬರುವಾಗ ಅವಳ ಮುಖವೇ ಬೇರೆ ಇರುತ್ತಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ.

ಶನಿವಾರ ನಾನೂ ಕಾರು ಹತ್ತಿದೆ. ಸುಳ್ಳು ಯಾಕೆ, ಅವಳ ತಪ್ಪು ಹಿಡಿಯಲಿಕ್ಕೇ ಹತ್ತಿದ್ದು. ಸಾಂಬ್ರಾಣಿ ದಾಟಿತು, ಕಾರು ಬಿಕ್ಕಳಿಸಿ ನಿಂತಿತು.

"ನೋಡ್ರಿ ಅತ್ತೀ, ನನ್ನ ಕಾಲ ಎಲ್ಲೈತಿ ನೋಡ್ರಿ."

ಕಾಲು ಇರಬೇಕಾದಲ್ಲೇ ಇತ್ತು. ಅವಳು ಇಳಿದು, ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣವೆಂದು ಮುಚ್ಚಳ ತಿರುಗಿಸಿದಳು. ಸುಸ್ಸೆಂದು ಗಾಳಿ ಒಳಗೆಳೆದುಕೊಂಡ ಸದ್ದು ನನಗೂ ಕೇಳಿಸಿತು. ಬಂದು ಕೀಲಿ ತಿರುವಿದರೆ ತಕ್ಷಣ ಚಾಲೂ! ಅವಳು ಮುಚ್ಚಳ ಹಾಕಿ ಮುಂದೆ ಹೊಡೆದಳು. ಅಡವಿಯ ಹತ್ತಿರ ಮತ್ತೆ ನಿಂತಿತು. ಮತ್ತೆ ಮುಚ್ಚಳ ತೆಗೆದಳು, ಮತ್ತೆ ಸುಸ್ಸೆಂದಿತು, ಮತ್ತೆ ಚಾಲೂ ಆಯಿತು. ಈ ಸಲ ಮುಚ್ಚಳವನ್ನು ಮಗುಚಿ ನೋಡಿ, ಉಗುರಿನಿಂದ ಟ್ಯೂಬಿನ ತುಂಡನ್ನು ಕಿತ್ತಳು.

"ಇದನ್ನ ಯಾರ ಹಾಕ್ಯಾರ?"

"ನಾನ" ಎಂದೆ.

ಅವಳು ಮುಚ್ಚಳದ ತೂತನ್ನು ಬೆಳಕಿಗೆ ಹಿಡಿದಳು. "ಡಬ್ಬಿಯಿಂದ ಎಣ್ಣಿ ಬಗ್ಗಸೂವಾಗ ನೀವು ಎರಡ ತೂತ ಯಾಕ ಹೊಡೀತೀರಿ?"

ಒಂದರಿಂದ ಗಾಳಿ ಒಳಗೆ ಹೋಗದಿದ್ದರೆ ಇನ್ನೊಂದರಿಂದ ಎಣ್ಣೆ ಬೀಳುವುದಿಲ್ಲ. ಪೆಟ್ರೋಲಿನದೂ ಅದೇ ಹಣೆಬರಹ, ದೂರ ಓಡಿದ ಮೇಲಷ್ಟೇ ಅದು ಕಾಡುವುದು. ಅಡುಗೆಮನೆಯಲ್ಲಿ ಇಷ್ಟು ವರ್ಷ ಕಳೆದ ನನಗೆ ಅದು ಹೊಳೆದಿರಲಿಲ್ಲ. ಅವಳು ಬೈದು ಎರಡು ಮಾತು ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಅನ್ನಲಿಲ್ಲ. ದಾಂಡೇಲಿ ಮುಟ್ಟುವ ತನಕ ಕಾರು ಎಲ್ಲಿಯೂ ನಿಲ್ಲಲಿಲ್ಲ.

ಸಂಜೆ ಮಗ ಊಟಕ್ಕೆ ಕೂತಾಗ ಸೊಸೆ, "ಮುಚ್ಚಳದಾಗ ಕಸ ಕುಂತಿತ್ರೀ, ತಗದೇನಿ" ಎಂದಳು. ನನ್ನ ಹೆಸರು ಎತ್ತಲಿಲ್ಲ.

"ಮೊದಲ ನೋಡಾಕ ಏನಾಗಿತ್ತು ನಿನಗ?" ಎಂದು ಅವನು ಅವಳಿಗೇ ಸಿಡುಕಿದ.

ನಾನು ತಟ್ಟೆ ಸರಿಸಿದೆ. "ಕಸ ಅಲ್ಲೋ, ನಾ ಹಾಕಿದ್ದ ಸೈಕಲ್ ಟ್ಯೂಬ್."

ಮಗ ತುತ್ತು ನೆತ್ತಿಗೆ ಹತ್ತುವಷ್ಟು ನಕ್ಕ. "ಏ ಅವ್ವಾ, ಒಂದ ಗ್ಯಾರೇಜ್ ತಗದಬಿಡವಾ ನೀ!"

"ನಗಬ್ಯಾಡ. ಅಕಿಗೆ ಬೈದಿಯಲ್ಲ, ನನಗೂ ಹಂಗ ಬೈ."

"ನಿನಗ ಹೆಂಗ ಬೈಲಿ? ನಿನಗೇನ ತಿಳೀತೈತಿ ಕಾರಿಂದು?"

ಅವಳು ಮಾಡಿದ್ದಾದರೆ ತಲೆಯಿಲ್ಲದವಳು, ನಾನು ಮಾಡಿದರೆ ನಗೆ. ಸೊಸೆ ತಲೆ ತಗ್ಗಿಸಿ ಪಲ್ಯ ಬಡಿಸುತ್ತಲೇ ಇದ್ದಳು. ಡ್ರೈವರಿಗೆ ಬರಬೇಡವೆಂದು ಈಗಲೇ ಫೋನ್ ಮಾಡು ಎಂದೆ, ಅವನು ಮಾಡುವ ತನಕ ಏಳಲಿಲ್ಲ.

ಈಗ ಹೊಸ ಮುಚ್ಚಳ ಬಂದಿದೆ. ಕಾರು ಓಡಿಸುವವಳು ಸೊಸೆಯೇ. ಒಮ್ಮೊಮ್ಮೆ ನಾನೂ ಹಿಂದೆ ರೊಟ್ಟಿಯ ಗಂಟು ಹಿಡಿದು ಕೂರುತ್ತೇನೆ. ರಸ್ತೆಯ ಉಬ್ಬಿಗೆಂದು ವೇಗ ಇಳಿಸಿದರೂ ಸಾಕು, ಅವಳ ಕಣ್ಣು ಮೇಲಿನ ಕನ್ನಡಿಗೆ ಹೋಗುತ್ತದೆ, ಎಲ್ಲಿ ತಪ್ಪು ಹಿಡಿಯುತ್ತೇನೋ ಎಂದು ನನ್ನ ಮುಖ ನೋಡುತ್ತದೆ. ನಾನು ಕಿಟಕಿಯ ಕಡೆ ತಿರುಗಿಕೊಳ್ಳುತ್ತೇನೆ.