ಐದೂವರೆಗೆ ಗಂಟೆ ಬಾರಿಸುವ ಫಿಲೋಯ್

ಸೆಪ್ಟೆಂಬರಿನ ಕೊನೆಯ ಭಾನುವಾರ. ಸಮೋವಾ ದೇಶದ ಸವಾಯಿ ದ್ವೀಪದ ನಮ್ಮೂರು ಇನ್ನೂ ಕಣ್ಣು ಬಿಟ್ಟಿಲ್ಲ. ಚರ್ಚಿನ ಪಕ್ಕದ ಕೋಣೆಯಲ್ಲಿ ಊರ ಹೆಣ್ಣುಮಗಳು ಫಿಲೋಯ್ ಹಳೆಯ ಕಂಪ್ಯೂಟರಿನ ಮುಂದೆ ಕಾಲು ಮಡಚಿ ಕೂತಿದ್ದಾರೆ. ಐದೂವರೆಗೆ ಸರಿಯಾಗಿ ಅದು ಧ್ವನಿವರ್ಧಕದಲ್ಲಿ ಗಂಟೆ ಬಾರಿಸಬೇಕು. ಹೊತ್ತು ತಪ್ಪಿದರೆ ಯಂತ್ರ ಮೂಲೆಗೆ, ಮೊದಲಿನಂತೆ ಖಾಲಿ ಗ್ಯಾಸ್ ಸಿಲಿಂಡರನ್ನೇ ಗಂಟೆಯಾಗಿ ಬಡಿಯುವುದು ಎಂದು ಊರ ಹಿರಿಯರು ತೀರ್ಮಾನಿಸಿದ್ದಾರೆ.

ಹಿರಿಯರನ್ನು ದೂರುವ ಹಾಗಿಲ್ಲ. ಹೋದ ವರ್ಷ ಇದೇ ಭಾನುವಾರ ಯಂತ್ರ ಒಂದು ತಾಸು ಮೊದಲೇ ಗಂಟೆ ಬಾರಿಸಿತ್ತು. ಕೋಳಿಯೂ ಕೂಗದ ಹೊತ್ತಿನಲ್ಲಿ ಇಡೀ ಊರು ಬಿಳಿ ಬಟ್ಟೆ ತೊಟ್ಟು ಬಂದು ನಿಂತಿತ್ತು, ಆಕಳಿಸುತ್ತಿದ್ದವರಲ್ಲಿ ನಾನೂ ಒಬ್ಬ. ಇಲ್ಲಿ ಸೆಪ್ಟೆಂಬರಿನ ಹೊತ್ತಿಗೆ ಶುರುವಾಗುವ ಬೇಸಿಗೆಗೆ ಗಡಿಯಾರವನ್ನು ಒಂದು ತಾಸು ಮುಂದಿಡುವ ಪದ್ಧತಿಯನ್ನು ಸಮೋವಾ 2021ರಲ್ಲೇ ಬಿಟ್ಟಿದೆ. ಪಾಪ, ಯಂತ್ರಕ್ಕೆ ಅದನ್ನು ಯಾರೂ ತಿಳಿಸಿರಲಿಲ್ಲ. ಅದಕ್ಕೂ ಸ್ವಲ್ಪ ಮೊದಲು ಶಾಲೆಯ ಮುಖ್ಯೋಪಾಧ್ಯಾಯ ತವಿತಾ ಯಂತ್ರಕ್ಕೆ ಹೊಸ ಕರ್ನಲ್ ಒಂದನ್ನೇ ಹಾಕಿ, ಆಪರೇಟಿಂಗ್ ಸಿಸ್ಟಮ್ ಪೂರ್ತಿ ಹೊಸದಾಯಿತೆಂದು ಎದೆಯುಬ್ಬಿಸಿ ಸಾರಿದ್ದರು.

ಕರ್ನಲ್ಲೇ ಇಡೀ ಸಿಸ್ಟಮ್ ಎಂದುಕೊಳ್ಳುವುದು ಓದಿದವರೇ ಹೆಚ್ಚಾಗಿ ಮಾಡುವ ತಪ್ಪು. ಕರ್ನಲ್ ಯಂತ್ರದ ಆಳದಲ್ಲಿ ಕೂತು ಮೆಮೊರಿಯಲ್ಲಿ ಜಾಗ ಹಂಚುತ್ತದೆ, ಯಾವ ಕೆಲಸ ಮೊದಲು ಎಂದು ನೋಡುತ್ತದೆ, ಸೆಕೆಂಡುಗಳನ್ನು ಎಣಿಸುತ್ತದೆ. ಅಷ್ಟು ಸೆಕೆಂಡಾದರೆ ನಮ್ಮೂರಲ್ಲಿ ಹೊತ್ತೆಷ್ಟು ಎಂದು ಹೇಳುವ ಪಟ್ಟಿ ಮಾತ್ರ ಬೇರೆಯೇ ಇದೆ, ಅದು ಹಳೆಯದಾಗಿಯೇ ಉಳಿದಿತ್ತು. ಕಡತ ನಕಲಿಸುವುದಕ್ಕೆ, ನಮ್ಮ ಭಾಷೆಯ ಅಕ್ಷರ ಮೂಡಿಸುವುದಕ್ಕೆ ತಂತ್ರಾಂಶದ ಇನ್ನೂ ಬೇರೆ ಬೇರೆ ಚೂರುಗಳು. ಅಂಥ ಮುನ್ನೂರ ನಲವತ್ತು ಚೂರುಗಳನ್ನು ಆಯ್ದು, ಕರ್ನಲ್ ಜೊತೆ ಹೊಂದಿಸಿ, ಇಪ್ಪತ್ತಾರು ಶಾಲೆಗಳಿಗೆ ಕೊಡುವವರು ಹಗಲು ಟೈಪಿಂಗ್ ಕಲಿಸುವ ಈ ಫಿಲೋಯ್. ಹನ್ನೊಂದು ವರ್ಷದಿಂದ ಸಂಜೆ ನಾಲ್ಕು ತಾಸು ಇದೇ ಕೆಲಸ, ಸಂಬಳವಿಲ್ಲ. ಒಂದು ಚಂಡಮಾರುತದಲ್ಲಿ ಮನೆಯ ಮಾಡು ಹಾರಿಹೋದಾಗ ಅವರು ಮೊದಲು ಕಾಪಾಡಿದ್ದು ಈ ಕೆಲಸ ತುಂಬಿಟ್ಟ ಡಿಸ್ಕುಗಳನ್ನು. ಗಂಡ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

ಕರ್ನಲ್ ಬಿಟ್ಟರೆ ಉಳಿದದ್ದೆಲ್ಲ ಮೇಲಿನ ಅಲಂಕಾರ ಎಂದು ತವಿತಾ ಒಮ್ಮೆ ಛೇಡಿಸಿದ್ದರಂತೆ. ಫಿಲೋಯ್ ಕಾದ ಕಲ್ಲುಗಳ ಮೇಲೆ ಅಡುಗೆ ಬೇಯಿಸುವ ಹಿತ್ತಲಿನ ಒಲೆಯತ್ತ ಕೈ ತೋರಿಸಿದರಂತೆ. “ಕಲ್ಲು ಕಾಯದೆ ಹೋದ್ರೆ ಭಾನುವಾರದ ಊಟನೇ ಇಲ್ಲ, ಒಪ್ಕೋತೀನಿ ಮೇಷ್ಟ್ರೇ. ಹಾಗಂತ ನೆಂಟ್ರ ಎಲೆಗೆ ಕಲ್ಲು ಬಡಿಸ್ತೀರಾ? ಗೆಣಸು, ಹಂದಿಮಾಂಸ, ತೆಂಗಿನ ಹಾಲು ಎಲ್ಲ ಸೇರಿದ್ರೇನೇ ಊಟ.” ಮೇಷ್ಟ್ರು ಆಮೇಲೆ ತಾವೇ ಈ ಯಂತ್ರವನ್ನು ಹೊತ್ತು ಅವರ ಮನೆಗೆ ತಂದರು. ಈಗ ಇದರಲ್ಲಿರುವುದು ಫಿಲೋಯ್ ಹೊಂದಿಸಿದ ಸಿಸ್ಟಮ್. ಹಿರಿಯರು ಇದನ್ನು ತಳ್ಳಿಹಾಕಿದರೆ ನಾಳೆ ಶಾಲೆಗಳೂ ನಂಬುವುದಿಲ್ಲ ಎಂಬ ಅಳುಕು ಅವರಿಗಿದೆ.

ನಾಲ್ಕೂವರೆ ಸದ್ದಿಲ್ಲದೆ ದಾಟುತ್ತದೆ. ಐದಾಗುತ್ತದೆ. ಫಿಲೋಯ್ ನನ್ನ ಕೈಗಡಿಯಾರವನ್ನೂ ಎಳೆದು ನೋಡುತ್ತಾರೆ. ಐದೂವರೆಗೆ ಗಂಟೆ ಮೊಳಗುತ್ತದೆ, ನನಗೆ ಕುಣಿಯಬೇಕು ಅನ್ನಿಸುತ್ತದೆ. ಚರ್ಚಿನೊಳಗೆ ಏನೋ ಬಿದ್ದ ಸದ್ದು. ಮುದಿ ಪಾದ್ರಿ ಎಲಿಸಾ ಕಣ್ಣುಜ್ಜುತ್ತ ಹೊರಬರುತ್ತಾರೆ. ಯಂತ್ರ ಈ ಸಲವೂ ಕೈಕೊಡುತ್ತದೆಂದು ನಾಲ್ಕೂವರೆಗೇ ಬಂದು ಕೂತಿದ್ದವರು ಬೆಂಚಿನ ಮೇಲೆ ನಿದ್ದೆಹೋಗಿದ್ದರು.

“ಇವತ್ತು ಬೇಗ ಬಂದ ದಡ್ಡ ನಾನೊಬ್ನೇ ಏನು ಮಗಳೇ?” ಎಂದು ಕೇಳುತ್ತಾರೆ. ಫಿಲೋಯ್ ನಗು ತಡೆಯಲಾಗದೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ.

ಜನ ಬರುತ್ತಾರೆ. ಮಳೆ ಬಂದೀತೇ ಎನ್ನುತ್ತಾರೆ, ಮೊಮ್ಮಕ್ಕಳ ಕೆಮ್ಮಿನ ಮಾತಾಡುತ್ತಾರೆ, ಒಳಗೆ ಹೋಗಿ ಕೂರುತ್ತಾರೆ. ಫಿಲೋಯ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ನೋಡುತ್ತಿದ್ದಾರೆ.

“ನೋಡಿದ್ರಾ,” ಎನ್ನುತ್ತಾರೆ ಮುಖ ಅರಳಿಸಿ ಮೆಲ್ಲಗೆ, “ಗಂಟೆ ಬಗ್ಗೆ ಒಬ್ರೂ ಮಾತೇ ಎತ್ತಲಿಲ್ಲ.”