ಕಲ್ಲುಗಣಿಯಲ್ಲಿ ನೇತಾಡಿದ ಡ್ರಿಲ್ ಮೇಷ್ಟ್ರು

ಹೀರೋ ಬಂಡೆಯಂಚಿನಲ್ಲಿ ಹೇಗೆ ನೇತಾಡಬೇಕೆಂದು ತೋರಿಸಲು ಹೋಗಿ ನಾನು ಶ್ಯಾಮಸುಂದರನ ಅಡಿಗೆಮನೆಯ ಅಟ್ಟದ ಹಲಗೆ ಹಿಡಿದು ಜೋತುಬಿದ್ದೆ. ಹಲಗೆ ನನ್ನ ಜೊತೆಯೇ ಇಳಿದು ಬಂತು. ಅದರ ಮೇಲಿದ್ದ ನಿಂಬೆಕಾಯಿ ಉಪ್ಪಿನಕಾಯಿ ಜಾಡಿಯೂ ಬಂತು. ಸದ್ದು ಕೇಳಿ ಮಹಡಿಯಿಂದ ಓಡಿಬಂದ ಬಾಡಿಗೆದಾರರಿಗೆ ಕಂಡದ್ದು ಇಷ್ಟು: ನಲವತ್ತು ದಾಟಿದ ಗುಮಾಸ್ತನೊಬ್ಬ ಕನ್ನಡಕದ ತುಂಬ ಮಸಾಲೆ ಮೆತ್ತಿಕೊಂಡು ನೆಲದ ಮೇಲೆ ಕೂತು, "ಸಾವೇ, ಬಾ, ಕಾಫಿ ಕುಡಿದು ಹೋಗು" ಎನ್ನುತ್ತಿದ್ದಾನೆ. ಅದು ನಾನೇ ಬರೆದ ಡೈಲಾಗು. ಬೀಳುವಾಗ ಅರ್ಧ ಹೇಳಿದ್ದೆ, ಮಿಕ್ಕದ್ದು ಬಾಯಲ್ಲೇ ಉಳಿದಿತ್ತು.

"ಹಿಡಿತ ಹಂಗಲ್ಲ ಸಾರ್," ಎಂದರು ಬಂದವರು, ನನ್ನನ್ನು ಎಬ್ಬಿಸುತ್ತ. "ಹೆಬ್ಬೆರಳು ಕೆಳಗಿಂದ ಬರ್ಬೇಕು."

ಅವರೇ ಏಕಾಂತಯ್ಯ. ರಾಜಾಜಿನಗರದ ಒಂದು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಹಣೆಯ ತುಂಬ ವಿಭೂತಿ, ತುಟಿಯ ಮೇಲೆ ದಪ್ಪ ಮೀಸೆ, ಮಾತು ಕಡಿಮೆ. ಮಕ್ಕಳಿಗೆ 'ಸಾಲು ನೇರ ಮಾಡಿ' ಎನ್ನುವ ದನಿಯಲ್ಲೇ ಹೆಂಡತಿಗೆ 'ಇನ್ನೊಂದು ರೊಟ್ಟಿ' ಎನ್ನುತ್ತಿದ್ದರು. ಸಿಟ್ಟಿಗೆ, ಸಂತೋಷಕ್ಕೆ ಬೇರೆ ದನಿ ಅವರು ಇಟ್ಟುಕೊಂಡಿರಲಿಲ್ಲ.

ಶ್ಯಾಮಸುಂದರ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮೆಜೆಸ್ಟಿಕ್ಕಿನಲ್ಲಿ ಹಾಂಗ್‌ಕಾಂಗಿನ ಕರಾಟೆ ಚಿತ್ರಗಳನ್ನು ನೋಡೀ ನೋಡೀ ತಲೆ ಕೆಟ್ಟು, ಕನ್ನಡದಲ್ಲೂ ಅಂಥದ್ದೊಂದನ್ನು ತೆಗೆದೇ ತೀರುತ್ತೇನೆಂದು ಹೊರಟಿದ್ದ ನಿರ್ದೇಶಕ ಅವನು. ಅವನ ಹೀರೋ ನಾಣಿಗೆ ಸ್ಟೂಲು ಹತ್ತಿದರೂ ತಲೆ ಸುತ್ತುತ್ತಿತ್ತು.

"ಮೇಷ್ಟ್ರೇ, ನಾಣಿಗೆ ಬದಲಾಗಿ ಒಂದು ಶಾಟು ಕೊಡ್ತೀರಾ? ಮುಖ ಕಾಣಲ್ಲ."

"ಮೀಸೆ?"

"ದೂರದಿಂದ ಅದೂ ಕಾಣಲ್ಲ."

ಚಿತ್ರದ ಹೆಸರು ಹೇಳುವುದಿಲ್ಲ. ತೆಗೆದವರೇ ಈಗ ಹೇಳುವುದಿಲ್ಲ. ಖಳನಾಯಕನ ಗುಪ್ತ ಅಡ್ಡೆಗೆ ಬಿನ್ನಿಪೇಟೆಯ ಛತ್ರವೊಂದನ್ನು ಹಿಡಿದಿದ್ದೆವು. ಬಾಂಬು ತಯಾರಾಗುವ ಕೋಣೆಯ ನೆತ್ತಿಯ ಮೇಲೆ 'ವಧೂವರರಿಗೆ ಶುಭವಾಗಲಿ' ಎಂಬ ಬಟ್ಟೆ ಹಾಗೇ ಉಳಿದುಬಿಟ್ಟಿತು. ಹೆಲಿಕಾಪ್ಟರಿನ ಪಾತ್ರವನ್ನು ಒಂದು ಟೇಬಲ್ ಫ್ಯಾನಿನ ನೆರಳು ವಹಿಸಿತ್ತು. ಒದೆತದ ಸದ್ದಿಗೆ ಒದ್ದೆ ಟವಲನ್ನು ಒಗೆಯುವ ಕಲ್ಲಿಗೆ ಬಡಿಯುತ್ತಿದ್ದೆವು. ಇಷ್ಟಾದರೂ ಯಾರೂ ನಗುತ್ತಿರಲಿಲ್ಲ. ನಾವು ಜನ ಹೆದರಿ ನೋಡುವ ಸಾಹಸಚಿತ್ರ ತೆಗೆಯುತ್ತಿದ್ದೇವೆಂದೇ ನಂಬಿದ್ದೆವು.

ಏಕಾಂತಯ್ಯನವರ ಹೆಂಡತಿ ಕಲ್ಯಾಣಮ್ಮನಿಗೆ ಮಾತ್ರ ಮೊದಲೇ ಹೆದರಿಕೆ. ಶೂಟಿಂಗಿನ ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು ಕೇಳಿದರು: "ಎತ್ತರಕ್ಕೇನೂ ಹತ್ತಿಸಲ್ಲ ತಾನೇ ಇವರನ್ನ?"

ನಾನು ಶ್ಯಾಮಸುಂದರನ ಮುಖ ನೋಡಿದೆ. ಶ್ಯಾಮಸುಂದರ ಆಕಾಶ ನೋಡಿದ.

"ಹುಡುಗರಿಗೆ ಕವಾಯತು ಹೇಳ್ಕೊಡೋದು ಅಷ್ಟೇ ಕಣೇ," ಎಂದರು ಏಕಾಂತಯ್ಯ, ಅದೇ ದನಿಯಲ್ಲಿ.

ಮಾಗಡಿ ರಸ್ತೆಯಿಂದಾಚೆ, ಶ್ರೀಗಂಧದ ಕಾವಲಿನ ಹತ್ತಿರ ಕೆಲಸ ನಿಂತುಹೋದ ಒಂದು ಕಲ್ಲುಗಣಿಯಿತ್ತು. ಅಂಚಿನಲ್ಲಿ ನಿಂತು ಕಲ್ಲು ಬೀಳಿಸಿದರೆ ಸದ್ದು ಬರಲು ಹೊತ್ತು ಹಿಡಿಯುತ್ತಿತ್ತು. ತಳದಲ್ಲಿ ಒಂದು ಪಕ್ಕಕ್ಕೆ ಪಾಚಿಗಟ್ಟಿದ ನೀರು, ಉಳಿದಂತೆ ಒಡೆದ ಕಲ್ಲುಗಳ ಚೂಪು. ಗಣಿಯ ಬಾಯಿಗೆ ಅಡ್ಡವಾಗಿ ಚಾಚಿದ್ದ ಒಂದು ಮರದ ತೊಲೆಗೆ ಬಾವಿಹಗ್ಗ ಕಟ್ಟಿದರು. ಆ ಹಗ್ಗ ಹಿಡಿದು ಹೀರೋ ನೇತಾಡಬೇಕು. ಸೊಂಟಕ್ಕೆ ಇನ್ನೊಂದು ಹಗ್ಗ ಕಟ್ಟೋಣವೆಂದರೆ, ಅದು ಕ್ಯಾಮೆರಾಕ್ಕೆ ಕಾಣುತ್ತದೆಂದು ಶ್ಯಾಮಸುಂದರ ಒಪ್ಪಲಿಲ್ಲ. ಬಿದ್ದರೆ ಹಿಡಿಯಲು ಛತ್ರದಿಂದ ತಂದ ಜಮಖಾನವಿತ್ತು. ಅದರ ನಾಲ್ಕು ಮೂಲೆಗೆ ನಾಲ್ಕು ಜನ ಬೇಕು. ಮೂವರು ಸಿಕ್ಕಿದರು. ನಾಲ್ಕನೆಯವನು ನಾನು.

ಜಮಖಾನ ಹಿಡಿದು ನಾವು ಗಣಿಯ ತಳಕ್ಕೆ ಇಳಿಯುವ ಮುನ್ನ ಇನ್ನೊಂದು ರಗಳೆಯಾಯಿತು. ನಾಣಿಯ ಅಂಗಿಯ ಗುಂಡಿಗಳು ಹೊಟ್ಟೆಯವರೆಗೆ ಬಿಚ್ಚಿರುತ್ತಿದ್ದವು. ಹಾಂಗ್‌ಕಾಂಗಿನಲ್ಲಿ ಹಾಗೆಯೇ ಅಂತೆ. ಅದೇ ಅಂಗಿ ತೊಟ್ಟ ಏಕಾಂತಯ್ಯನವರ ಎದೆಯ ಮೇಲೆ ಬೆಳ್ಳಿಯ ಕರಡಿಗೆ ಬಿಸಿಲಿಗೆ ಹೊಳೆಯಿತು. ಒಳಗೆ ಇಷ್ಟಲಿಂಗ.

"ಇದನ್ನ ಸ್ವಲ್ಪ ಬಿಚ್ಚಿಡಿ ಮೇಷ್ಟ್ರೇ. ನಾನು ಹಿಡ್ಕೊಂಡಿರ್ತೀನಿ."

"ಬಿಚ್ಚೋದಲ್ಲ ಸಾರ್ ಇದು. ಜೀವ ಇರೋವರ್ಗೂ ಮೈ ಮೇಲೇ ಇರ್ಬೇಕು."

ಶ್ಯಾಮಸುಂದರ ತಲೆ ಕೆರೆದುಕೊಂಡು ಒಂದು ಉಪಾಯ ಹೇಳಿದ. ಶಿವದಾರವನ್ನು ಉದ್ದ ಮಾಡಿದರೆ ಕರಡಿಗೆ ಗುಂಡಿ ಹಾಕಿದ ಜಾಗಕ್ಕೆ ಇಳಿಯುತ್ತದೆ, ಕಾಣುವುದಿಲ್ಲ. ಏಕಾಂತಯ್ಯ ಹುಬ್ಬು ಗಂಟಿಕ್ಕಿಕೊಂಡೇ ಒಪ್ಪಿದರು. ಎದೆಯ ಮೇಲಿದ್ದುದು ಹೊಟ್ಟೆಗಿಳಿಯುವುದು ಅವರಿಗೆ ಸರಿಬರಲಿಲ್ಲ. ಆದರೆ ಮಾತು ಕೊಟ್ಟಾಗಿತ್ತು. ವಿಗ್ಗು ಕಟ್ಟುವ ನೂಲಿನ ತುಂಡೊಂದನ್ನು ದಾರಕ್ಕೆ ಗಂಟು ಹಾಕಿದರು.

"ರೀಲು ಇರೋದು ಒಂದೇ ಟೇಕಿಗೆ," ಎಂದು ಶ್ಯಾಮಸುಂದರ ಎಲ್ಲರಿಗೂ ಕೂಗಿ ಹೇಳಿದ. "ತಪ್ಪಿದ್ರೆ ಮತ್ತೆ ತೆಗೆಯೋಕೆ ಫಿಲ್ಮಿಲ್ಲ."

ಕ್ಯಾಮೆರಾ ತಿರುಗತೊಡಗಿತು. ಕೆಳಗಿನಿಂದ ನೋಡಿದರೆ ಏಕಾಂತಯ್ಯ ತೊಲೆಗೆ ಒಣಹಾಕಿದ ಅಂಗಿಯಷ್ಟೇ ಕಾಣುತ್ತಿದ್ದರು. ಗಾಳಿ ಎದ್ದು ಹಗ್ಗ ಮೆಲ್ಲಗೆ ತಿರುಗಿತು. ತೊಲೆ ಕಿರುಗುಟ್ಟಿತು. ನನ್ನ ಅಂಗೈ ಬೆವೆತು ಜಮಖಾನದ ಮೂಲೆ ಜಾರುತ್ತಿತ್ತು. ಹೆಬ್ಬೆರಳು ಕೆಳಗಿನಿಂದ ತರಲು ನೋಡಿದೆ. ಯಾವುದು ಕೆಳಗೆಂಬುದೇ ತಿಳಿಯಲಿಲ್ಲ.

ಆಗ ಮೇಲೆ ಏನೋ ಬಿಳಿ ಮಿಂಚಿತು. ಗಂಟು ಬಿಚ್ಚಿಕೊಂಡಿತ್ತು. ಕರಡಿಗೆ ಅಂಗಿಯೊಳಗಿಂದ ಜಾರಿ, ಅದರ ಅಂಚಿಗೆ ಸಿಕ್ಕಿ, ಹೊರಗೆ ಇಣುಕುತ್ತಿತ್ತು. ಏಕಾಂತಯ್ಯ ತಲೆ ತಗ್ಗಿಸಿ ಅದನ್ನು ನೋಡಿದರು. ಬಲಗೈಯನ್ನು ಹಗ್ಗದಿಂದ ಬಿಟ್ಟೇಬಿಟ್ಟರು.

ಇಡೀ ಮೈ ಒಂದು ಕೈಗೆ ಬಂತು. ಗಕ್ಕನೆ ಒಂದು ಮೊಳ ಜಾರಿದರು. ತೊಲೆಯಿಂದ ಮಣ್ಣು ಉದುರಿ ನನ್ನ ಕಣ್ಣಿಗೆ ಬಿತ್ತು. ಬಲಗೈ ಕರಡಿಗೆಯನ್ನು ಹಿಡಿದು ಎದೆಗೆ ಒತ್ತಿಕೊಂಡಿತ್ತು. 'ಶಿವ ಶಿವ' ಎಂಬ ದನಿ ತಳದವರೆಗೂ ಕೇಳುತ್ತಿತ್ತು. ನಾಲ್ವರ ನಡುಕಕ್ಕೆ ಜಮಖಾನ ಅಲೆಯಲೆಯಾಗಿ ಕುಣಿಯುತ್ತಿತ್ತು.

"ಭೇಷ್ ಮೇಷ್ಟ್ರೇ, ಹಂಗೇ ಇರಿ," ಎಂದು ಮೇಲಿನಿಂದ ಶ್ಯಾಮಸುಂದರನ ದನಿ ಕೇಳಿಸಿತು. ಅವನು ಅಭಿನಯವೆಂದುಕೊಂಡಿದ್ದ.

ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಕ್ಯಾಮೆರಾ ಪಟಪಟ ಬಡಿದು ನಿಂತಿತು. ರೀಲು ಮುಗಿದಿತ್ತು. ಆಮೇಲೇ ಅವರನ್ನು ಮೇಲಕ್ಕೆಳೆದುಕೊಂಡದ್ದು. ನಾನು ಹತ್ತಿ ಹೋಗುವ ಹೊತ್ತಿಗೆ ಏಕಾಂತಯ್ಯ ಒಂದು ಕಲ್ಲಿನ ಮೇಲೆ ಕೂತು ದಾರ ಸರಿಮಾಡಿಕೊಳ್ಳುತ್ತಿದ್ದರು. ಎಡಗೈಯ ಚರ್ಮ ಸುಲಿದಿತ್ತು.

"ಮನೇಲಿ ಹೇಳ್ಬೇಡಿ," ಎಂದರು.

ಚಿತ್ರ ಬಿಡುಗಡೆಯಾದಾಗ ಮಾಗಡಿ ರಸ್ತೆಯ ಟಾಕೀಸಿಗೆ ಎಲ್ಲರೂ ಹೋದೆವು. ಕಲ್ಯಾಣಮ್ಮ ಹಟ ಹಿಡಿದು ಬಂದಿದ್ದರು. ಜನ ಮೊದಲಿನಿಂದಲೇ ನಗತೊಡಗಿದರು. 'ಶುಭವಾಗಲಿ' ಬಟ್ಟೆ ಕಂಡಾಗ ಯಾರೋ "ಊಟಕ್ಕೆ ಎಲೆ ಹಾಕ್ರಪ್ಪಾ" ಎಂದ. ನಾನು ಸೀಟಿನಲ್ಲಿ ಇಷ್ಟಿಷ್ಟೇ ಕೆಳಗೆ ಜಾರುತ್ತ ಹೋದೆ.

ಗಣಿಯ ದೃಶ್ಯ ಬಂತು. ಹೀರೋ ಒಂದು ಕೈ ಬಿಟ್ಟು ಎದೆ ಹಿಡಿದುಕೊಂಡ.

"ಪರ್ಸ್ ಇದ್ಯಾ ನೋಡ್ಕೊ ಗುರು," ಎಂದು ಮುಂದಿನ ಸಾಲಿನಿಂದ ಒಬ್ಬ ಕೂಗಿದ.

"ಬಸ್ ಟಿಕೆಟ್ ಹುಡುಕ್ತಾವ್ನೆ ಬಿಡು ಮಗಾ."

ಗಣಿಯಲ್ಲಿ ಕೇಳಿದ ಏಕಾಂತಯ್ಯನವರ 'ಶಿವ ಶಿವ' ಇಲ್ಲಿರಲಿಲ್ಲ. ನಾಣಿಯ ದನಿ ಮಾತ್ರ ಗಂಭೀರವಾಗಿ, "ಸಾವೇ, ಬಾ, ಕಾಫಿ ಕುಡಿದು ಹೋಗು" ಎಂದಿತು. ಟಾಕೀಸು ನಕ್ಕು ನಕ್ಕು ಉರುಳಿತು. ಕಲ್ಯಾಣಮ್ಮನ ಕಡೆ ನೋಡಿದೆ. ಅವರು ನಗುತ್ತಿರಲಿಲ್ಲ. ಅವರ ಕೈ ತಮ್ಮ ಕೊರಳ ಕರಡಿಗೆಯನ್ನು ಬಿಗಿಯಾಗಿ ಹಿಡಿದಿತ್ತು. ಮೀಸೆ ಕಾಣದಿದ್ದರೇನು, ಆ ಕೈ ಎಲ್ಲಿಗೆ ಹೋಯಿತೆಂದು ಆ ಟಾಕೀಸಿನಲ್ಲಿ ಯಾರೂ ಹೇಳದೆಯೇ ಅರ್ಥವಾದದ್ದು ಅವರೊಬ್ಬರಿಗೇ.

ಮನೆಯವರೆಗೂ ನಡೆದೇ ಹೋದೆವು. ದಾರಿಯುದ್ದಕ್ಕೂ ಕಲ್ಯಾಣಮ್ಮ ಮುಂದೆ ಬಿರಬಿರನೆ ಹೆಜ್ಜೆ ಹಾಕುತ್ತಿದ್ದರು. ನಾನು ಒಂದೆರಡು ಹೆಜ್ಜೆ ಹಿಂದೆ ಉಳಿದು, ನನ್ನ ಸರದಿ ಯಾವಾಗಲೋ ಎಂದು ಕಾಯುತ್ತಿದ್ದೆ. ಮನೆಯ ಮೆಟ್ಟಿಲ ಬುಡದಲ್ಲಿ ಅವರು ನಿಂತರು. ಗಂಡನ ಎಡಗೈಯನ್ನು ಎತ್ತಿ, ಅಂಗೈ ತಿರುಗಿಸಿ, ಮಾಸಿದ ಗಾಯದ ಗೆರೆಯನ್ನು ಬಹಳ ಹೊತ್ತು ನೋಡಿದರು.

"ರೀ," ಎಂದರು. "ಅಲ್ಲಿಂದ ಬಿದ್ಬಿಟ್ಟಿದ್ರೆ?"

ಏಕಾಂತಯ್ಯ ಯೋಚಿಸಿದರು.

"ಬೀಳೋ ಹಂಗಿರ್ಲಿಲ್ಲ ಕಣೇ. ಇನ್ನೊಂದ್ಸಲ ತೆಗೆಯೋಕೆ ಫಿಲ್ಮಿರ್ಲಿಲ್ಲ."