ಕಲೆ ನಿಲ್ಲದ ಅಂಗಳ

ಆಗ ನನಗೆ ಅರವತ್ತೆರಡು ವರ್ಷ. ಅದಾಗಿ ಈಗ ಎಂಟು ವರ್ಷವಾಯಿತು. ಎದುರುಮನೆಯಾಕೆಯ ಮುಖ ಕಾಣುವ ಮೊದಲು ನನಗೆ ಕಂಡಿದ್ದು ಆಕೆಯ ಹಿಮ್ಮಡಿ. ಗೇಟಿನ ಒಳಗೆ, ನನ್ನ ಕಡೆ ಬೆನ್ನು ಮಾಡಿ, ಸೀರೆ ಮೇಲೆತ್ತಿ ಸಿಕ್ಕಿಸಿ, ಕುಕ್ಕರಗಾಲಲ್ಲಿ ಕೂತು ಕಾಂಕ್ರೀಟ್ ನೆಲ ತಿಕ್ಕುತ್ತಿದ್ದಳು. ನಮ್ಮ ವಯಸ್ಸಿನವರ ಹಿಮ್ಮಡಿ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿರುತ್ತದೆ. ಆಕೆಯದು ಸುಲಿದ ಬೆಳ್ಳುಳ್ಳಿಯ ಹಾಗಿತ್ತು. ಅವತ್ತೇ ನನಗೆ ಆಕೆಯನ್ನು ಕಂಡರಾಗಲಿಲ್ಲ.

ನಾನು ಕಲಿತಿದ್ದು ಮೂರನೇ ಕ್ಲಾಸಿನ ತನಕ. ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತೇನೆ. ಸತ್ತವರನ್ನು ಹೊಗಳುವುದಕ್ಕೆ ಬರೆಯುತ್ತಿಲ್ಲ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಮ್ಮದು ಆನೆಕೊಂಡದ ಹಳೆಯ ಓಣಿ. ಎದುರಿಗಿದ್ದ ಖಾಲಿ ಜಾಗದಲ್ಲಿ ಹರಿಹರದವರು ಮನೆ ಕಟ್ಟಿಸಿಕೊಂಡು ಬಂದರು. ಗಂಡ ಅಲ್ಲಿನ ಕಾರ್ಖಾನೆಯಲ್ಲಿ ಕೆಲಸ ಮುಗಿಸಿ ಪಿಂಚಣಿ ತಗೊಂಡಿದ್ದ. ಒಬ್ಬನೇ ಮಗ, ಕೆ.ಬಿ. ಬಡಾವಣೆಯಲ್ಲಿ ಅಂಗಡಿ. ಗೇಟಿನಿಂದ ಬಾಗಿಲ ತನಕ ಕಾರು ನಿಲ್ಲಿಸಲು ಕಾಂಕ್ರೀಟ್ ಹಾಕಿಸಿದ್ದರು. ಅದೇ ವರ್ಷ ನನ್ನ ಮಗನೂ ನಮ್ಮ ಮಣ್ಣಿನಂಗಳಕ್ಕೆ ಕಾಂಕ್ರೀಟ್ ಹಾಕಿಸಿದ. ಅವನ ಲಗೇಜ್ ಆಟೊ ನಿಲ್ಲಬೇಕಿತ್ತು. ಎರಡೂ ಒಂದೇ ಸಿಮೆಂಟು, ಹಾಕಿದವನೂ ಒಬ್ಬನೇ ಮೇಸ್ತ್ರಿ. ಆಕೆಯದು ಹಾಲು ಚೆಲ್ಲಿದರೆ ಬಳಿದುಕೊಂಡು ಕುಡಿಯುವ ಹಾಗಿತ್ತು. ನಮ್ಮದರಲ್ಲಿ ಆಟೊ ಸೋರಿದ ಎಣ್ಣೆ, ನೀರಿನ ಡ್ರಮ್ಮಿನ ತುಕ್ಕಿನ ಉಂಗುರ, ಗೋಡೆಯ ಬುಡಕ್ಕೆ ನಮ್ಮ ಯಜಮಾನರು ಉಗಿದ ಎಲೆಅಡಿಕೆ. ಓಣಿಯಲ್ಲಿ ಹೋಗುವವರೆಲ್ಲ ಒಮ್ಮೆ ಆ ಕಡೆ ನೋಡಿ, ಆಮೇಲೆ ಈ ಕಡೆ ನೋಡುತ್ತಿದ್ದರು.

ಆಕೆಗೆ ಮಾತಿಗಿಂತ ಮೊದಲು ಮಂದಿಯ ಪಾದ ನೋಡುವ ಚಾಳಿ. ಬಂದವರು ಗೇಟಿನ ಹತ್ತಿರ ಹಾಸಿದ ಗೋಣಿಚೀಲದ ಮೇಲೆ ಕಾಲು ಒರೆಸಿಯೇ ಒಳಗೆ ಬರಬೇಕು. ಕರೆಂಟ್ ಬಿಲ್ಲಿನವನಿಗೆ ಒಮ್ಮೆ, "ಬಾಯಾಗಿನದ್ದು ಹೊರಗ ಉಗುಳಿ ಬಾರಪ್ಪ. ನಮ್ಮ ಮೀಟ್ರಿಗೆ ಎಲಿಅಡಿಕಿ ಆಗಿಬರಲ್ಲ" ಎಂದಳು. ಅವನು ನಗುತ್ತ ಹೋಗಿ ಉಗುಳಿ ಬಂದ. ಉಗುಳಿದ್ದು ನಮ್ಮ ಗೇಟಿನ ಹತ್ತಿರ.

ಆಕೆಯ ತವರಿನಲ್ಲಿ ಲಾರಿಗಳಿದ್ದವಂತೆ. ಎಣ್ಣೆಯ ಕಲೆ ನೋಡುತ್ತಲೇ ಬೆಳೆದವಳು. ಕಾರಿನಿಂದ ಒಂದು ಹನಿ ಬಿದ್ದರೆ ನೀರು ಮುಟ್ಟಿಸುತ್ತಿರಲಿಲ್ಲ. ಮಂಡಕ್ಕಿ ಭಟ್ಟಿಯಿಂದ ತರಿಸಿಟ್ಟ ಹೊಟ್ಟಿನ ಬೂದಿ ಸುರಿದು, ಮೇಲೊಂದು ಹಲಗೆ ಇಟ್ಟು, ಅದರ ಮೇಲೆ ಕಲ್ಲು ಹೇರಿ ಬಿಡುತ್ತಿದ್ದಳು. ಮರುದಿನ ಬೂದಿ ಗುಡಿಸಿ, ಬಟ್ಟೆ ಸೋಡಾವನ್ನು ಬಿಸಿನೀರಿನಲ್ಲಿ ಕಲಸಿ ಹಚ್ಚಿ, ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ತುಕ್ಕಿಗೆ ಹುಣಸೆಹಣ್ಣು, ಇಲ್ಲವೇ ಹಿಂಡಿದ ನಿಂಬೆಹೋಳು. ಮಳೆಗಾಲದ ಪಾಚಿಗೆ ಬ್ಲೀಚಿಂಗ್ ಪುಡಿ. ಕಕ್ಕಸಿನ ಆಸಿಡ್ ತಂದ ಮಗನಿಗೆ, "ಅದು ಕಲಿ ತಿನ್ನಲ್ಲೋ, ಸಿಮೆಂಟೇ ತಿಂತೈತೆ" ಎಂದು ಬೈದದ್ದು ನಮ್ಮ ಕಿಟಕಿಗೆ ಕೇಳಿತು. ಇದೆಲ್ಲ ನಾನು ಆಕೆಯಿಂದ ಕೇಳಿ ತಿಳಿದದ್ದಲ್ಲ. ಕೇಳುವಷ್ಟು ಕೆಳಗೆ ನಾನು ಇಳಿದಿರಲಿಲ್ಲ. ಕಿಟಕಿಯ ಹತ್ತಿರ ಅಕ್ಕಿ ಆರಿಸುತ್ತ ಕೂತು ನೋಡಿದ್ದು.

ನೆಲದ ಹೊಟ್ಟೆಕಿಚ್ಚನ್ನಾದರೂ ತಡೆಯಬಹುದು. ಆಕೆ ನನ್ನ ಸೊಸೆಯನ್ನು ಎಳೆದುಕೊಂಡಳು.

ಸೊಸೆಯೂ ಹರಿಹರದ ಹುಡುಗಿ. ಸಣ್ಣವಳಿದ್ದಾಗಲೇ ತಾಯಿ ಹೋಗಿದ್ದಳು. ದೊಡ್ಡಮ್ಮ, ಚಿಕ್ಕಮ್ಮಂದಿರ ಮನೆಗಳಲ್ಲಿ ಬೆಳೆದವಳು. ನಮ್ಮಲ್ಲಿಗೆ ಬಂದಾಗ ಹೇಳಿದ ಕೆಲಸ ಮಾಡುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ಎಣ್ಣೆ ಕಲೆ ತೆಗೆಯುವುದನ್ನು ಕೇಳಿ ಬರುತ್ತೇನೆಂದು ಒಂದು ದಿನ ಎದುರುಮನೆಗೆ ಹೋದಳು. ಕತ್ತಲಾಗುವ ಹೊತ್ತಿಗೆ ಬಂದಳು. ಆಮೇಲೆ ದಿನಾ ಒಂದು ನೆವ. ಅವಳು ನಗುವುದು ನಮ್ಮ ಮನೆಯ ತನಕ ಕೇಳುತ್ತಿತ್ತು. ನಮ್ಮ ಮನೆಯೊಳಗೆ ಆ ಹುಡುಗಿ ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ನನ್ನನ್ನು ಅತ್ತಿ ಅನ್ನುತ್ತಿದ್ದಳು, ಅದು ಸರಿಯೇ. ಆಕೆಯನ್ನು ಅವ್ವ ಅನ್ನುತ್ತಿದ್ದಳು.

ಸೊಸೆಗೆ ಏಳು ತಿಂಗಳು ತುಂಬಿತು. ಕುಬುಸದ ಕಾರ್ಯ ನಮ್ಮ ಅಂಗಳದಲ್ಲೇ ಎಂದು ನಾನು ಹಟ ಹಿಡಿದೆ. ಶಾಮಿಯಾನ ಹಾಕುವ ಜಾಗದ ನಟ್ಟನಡುವೆ ಆಟೊದ ಎಣ್ಣೆ ಹಂಚಿನಗಲ ಕೂತಿತ್ತು. ಆಕೆಯ ಬೂದಿ, ಆಕೆಯ ಸೋಡಾ ನನಗೆ ಬೇಡವಾಗಿತ್ತು. ಮಣ್ಣಿನಂಗಳದಲ್ಲಿ ನಾವು ಕಲೆ ತೆಗೆದವರೇ ಅಲ್ಲ. ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಮೇಲೆ ರಂಗೋಲಿ ಎಳೆದರೆ ಮುಗಿಯಿತು, ನೆಲ ಹೊಸದು. ಅದನ್ನೇ ಮಾಡಿದೆ. ಕೆಮ್ಮಣ್ಣು ನೀರಿನಲ್ಲಿ ಕದಡಿ, ಎಣ್ಣೆಯ ಮೇಲೆ ದಪ್ಪಗೆ ಬಳಿದೆ. ಒಣಗಿದ ಮೇಲೆ ನೋಡಿದರೆ ಕರಿ ಹೋಗಿರಲಿಲ್ಲ, ಕೆಂಪು ಅದರೊಳಗೆ ಇಳಿದಿತ್ತು. ತೊಳೆದಷ್ಟೂ ಹರಡಿತು. ಅಲ್ಲಿ ಕುರಿ ಕಡಿದ ಹಾಗೆ ಕಾಣುತ್ತಿತ್ತು. ಬಸುರಿಯನ್ನು ಅಂಥ ಜಾಗದಲ್ಲಿ ಕೂಡ್ರಿಸುವುದು ಹೇಗೆ?

ಸೊಸೆ ಹೋಗಿ ಹೇಳಿದಳೋ, ತಾನೇ ಕಂಡಳೋ, ಆಕೆ ಬಕೆಟ್ಟು ಹಿಡಿದು ಬಂದಳು. ನಮ್ಮ ಗೇಟಿನ ಒಳಗೆ ಕಾಲಿಟ್ಟಿದ್ದು ಅದೇ ಮೊದಲು. ಸೊಂಟದ ಮೇಲೆ ಕೈ ಇಟ್ಟು ನಿಂತು ನೋಡಿದಳು.

"ಏನ್ರಿ ಅಕ್ಕಾರೆ, ಎಣ್ಣಿಗೂ ಕೆಮ್ಮಣ್ಣಿಗೂ ನೀವೇ ನಿಂತು ಮದಿವಿ ಮಾಡೀರಿ. ಈಗ ಸೋಡಚೀಟಿ ನಾನು ಕೊಡಿಸ್ಬೇಕು."

ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

"ನಾನೇನ್ ನಿಮ್ಮನ್ನ ಕರೆದಿದ್ನಾ?" ಎಂದೆ.

"ಕರೀದಿದ್ರೇನು? ನಾಳೆ ನನ್ನ ಮಗಳು ಕೂಡ್ರೋ ಜಾಗ ಐತೆ ಇದು."

ನನ್ನ ಮಗಳು ಎಂದಳು. ನಮ್ಮ ಅಂಗಳದಲ್ಲಿ ನಿಂತು, ನನ್ನ ಮುಂದೆ. ನಾನು ಒಳಗೆ ಹೋದೆ.

ಬೂದಿ ಮತ್ತು ಸೋಡಾ ಗಟ್ಟಿಯಾಗಿ ಕಲಸಿ, ರೊಟ್ಟಿಯ ಹಾಗೆ ತಟ್ಟಿ, ಮೇಲೆ ಒದ್ದೆ ಗೋಣಿ ಮುಚ್ಚಿ ಹೋದಳು. ಸಂಜೆ ಬಂದು ಕೆರೆದು ತೆಗೆದು ಮತ್ತೆ ತಟ್ಟಿದಳು. ಆಮೇಲೆ ನಿಂಬೆಹೋಳು ಹಿಡಿದು ತಿಕ್ಕಿದಳು. ಕಾರ್ಯದ ದಿನ ಬೆಳಗ್ಗೆ ನೋಡಿದರೆ ಕರಿ ಹೋಗಿತ್ತು. ಕೆಂಪು ಮಾತ್ರ ಪೂರ್ತಿ ಹೋಗದೆ ಎಳೆ ಮೂಲಂಗಿಯ ಬಣ್ಣಕ್ಕೆ ಬಂದು ನಿಂತಿತ್ತು. ಆಕೆಗೆ ಅಷ್ಟಕ್ಕೆ ಸಮಾಧಾನವಿಲ್ಲ, ಬಗ್ಗಿ ಬಗ್ಗಿ ನೋಡಿದಳು. ನನಗೆ ಒಳಗೊಳಗೇ ಖುಷಿಯಾಯಿತು. ಆಕೆಯ ಕೈಗೂ ಬಗ್ಗದ್ದು ಒಂದು ನನ್ನ ಅಂಗಳದಲ್ಲಿತ್ತು.

ಆ ಖುಷಿ ಮಧ್ಯಾಹ್ನದ ತನಕವೂ ಬಾಳಲಿಲ್ಲ. ಹಸಿರು ಕುಬುಸ ತೊಡಿಸಿ, ಉಡಿ ತುಂಬಿ, ಹೆಂಗಸರೆಲ್ಲ ಊಟಕ್ಕೆ ಕೂತಾಗ ಯಾರೋ ಬಾಣಂತನದ ಮಾತು ತೆಗೆದರು. ಚೊಚ್ಚಲು ತವರಲ್ಲೇ ಆಗಬೇಕು. ಇವಳಿಗೆ ತವರು ಎಲ್ಲಿದೆ? ಅತ್ತೆಯೇ ಮಾಡಬೇಕು. ನಾನು ಆಗಲೇ ಬಾಣಂತಿಯ ಉಂಡೆಗೆ ಕೊಬ್ಬರಿ, ಅಳವಿ, ಅಂಟು ಎಲ್ಲ ತರಿಸಿಟ್ಟಿದ್ದೆ. ಆ ಹುಡುಗಿ ನನ್ನ ಕೈ ನೀರು ಹಾಕಿಸಿಕೊಂಡರೆ, ನನ್ನ ಕೈ ಊಟ ಉಂಡರೆ, ನನ್ನವಳಾಗುತ್ತಾಳೆ ಎಂದು ಲೆಕ್ಕ ಹಾಕಿದ್ದೆ. ಅದೊಂದೇ ದಾರಿ ಉಳಿದಿತ್ತು ನನಗೆ.

ಸೊಸೆ ತಲೆ ತಗ್ಗಿಸಿಯೇ ಹೇಳಿದಳು. "ನಾನು ಅವ್ವನ ಮನಿಗೆ ಹೋಗ್ತೀನಿ ಅತ್ತಿ. ನಂಗೂ ತವರು ಅಂತ ಒಂದು ಬ್ಯಾಡೇನು?"

"ಎದುರುಮನಿ ಎಲ್ಲಾದ್ರೂ ತವರಾಗ್ತೈತೇನೇ?" ಎಂದೆ. "ಗಾಡಿ ಹತ್ತದ ತವರು ಯಾವ ಊರಾಗೈತೆ?"

ಎಲ್ಲರೂ ನಕ್ಕರು. ಆಕೆಯೂ ನಕ್ಕಳು. ಎಲೆಯ ಮುಂದಿನಿಂದ ಎದ್ದು, ಕೈ ತೊಳೆದು, ಮಗನನ್ನು ಕೂಗಿದಳು. "ಕಾರು ತೆಗೀಯೋ. ಅಕ್ಕಾರಿಗೆ ಗಾಡಿ ಹತ್ತೋದು ನೋಡ್ಬೇಕಂತೆ."

ಸೊಸೆಯನ್ನು ಕಾರಿನಲ್ಲಿ ಕೂಡ್ರಿಸಿಕೊಂಡು ಹರಿಹರಕ್ಕೆ ಹೋದಳು. ಹೊಳೆಯಲ್ಲಿ ಕಾಲು ತೊಳೆಸಿ, ಗುಡಿಯಲ್ಲಿ ಕಾಯಿ ಒಡೆಸಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಓಣಿಗೆ ವಾಪಸು ಬಂದರು. ಕಾರು ನಮ್ಮ ಮನೆಯ ಮುಂದೆ ನಿಲ್ಲಲಿಲ್ಲ. ಆ ಕಡೆ ತಿರುಗಿ ಆಕೆಯ ಗೇಟಿನೊಳಗೆ ಹೋಯಿತು. ಸೊಸೆಯನ್ನು ಬಾಗಿಲಲ್ಲಿ ನಿಲ್ಲಿಸಿ ಆರತಿ ಎತ್ತಿದಳು. ಕುಂಕುಮದ ನೀರನ್ನು ಆ ಬಿಳಿ ನೆಲದ ಮೇಲೇ ಚೆಲ್ಲಿದಳು, ಒರೆಸಲೂ ಇಲ್ಲ. ನಾನು ಕಿಟಕಿಯಲ್ಲಿ ನಿಂತು ಎಲ್ಲ ನೋಡಿದೆ. ನನ್ನ ಮಗ, "ಬಿಡವ್ವ, ಎದುರಿಗೇ ಐತಲ್ಲ" ಎಂದ. ಗಂಡಸರಿಗೆ ಎಲ್ಲವೂ ಎದುರಿಗೇ ಇರುತ್ತದೆ.

ಹೆಣ್ಣು ಕೂಸು ಹುಟ್ಟಿತು. ನನ್ನ ಮೊಮ್ಮಗಳು ಅಳುವುದನ್ನು ನಾನು ರಸ್ತೆಯ ಈ ಕಡೆಯಿಂದ ಕೇಳುತ್ತಿದ್ದೆ. ಬೆಳಗ್ಗೆ ಆಕೆಯ ಬಚ್ಚಲಿನ ಹೊಗೆ, ಆಮೇಲೆ ಸಾಂಬ್ರಾಣಿಯ ವಾಸನೆ. ನೋಡಲು ಹೋದರೆ, "ಬರ್ರಿ ಅಕ್ಕಾರೆ, ಕೂಡ್ರಿ. ಕೂಸಿನ ಮೂಗು ನಿಮ್ದೇ ಐತೆ, ಸಿಟ್ಟೂ ನಿಮ್ದೇ ಇರ್ತೈತೆ" ಎನ್ನುತ್ತಿದ್ದಳು. ಕೂಸನ್ನು ನನ್ನ ಕೈಗೆ ಕೊಡುವಾಗ ನನ್ನ ಉಗುರು ನೋಡುತ್ತಿದ್ದಳು. ಬಾಣಂತನ ಮಾತ್ರ ಚೆನ್ನಾಗಿ ಮಾಡಿದಳು, ಅದನ್ನು ಇಲ್ಲ ಎನ್ನಲಾರೆ. ಒಂದೇ ಒಂದು ಲೋಪ ಸಿಗಲಿ ಎಂದು ಕಾದೆ. ಬಾಣಂತಿಗೆ ತಲೆನೋವಾದರೂ ಬರಲಿ, ಕೂಸಿಗೆ ಒಂದು ನೆಗಡಿಯಾದರೂ ಆಗಲಿ ಎಂದುಕೊಂಡಿದ್ದೂ ಉಂಟು. ಏನೂ ಆಗಲಿಲ್ಲ. ಸೊಸೆ ತುಂಬಿಕೊಂಡು, ಮುಖ ಮಿರಮಿರ ಮಿಂಚುತ್ತ, ತೊಟ್ಟಿಲು ಸಮೇತ ವಾಪಸು ಬಂದಳು. ಬಂದವಳು ನನ್ನ ಮನೆಯಲ್ಲೂ ನಗಲು ಶುರು ಮಾಡಿದಳು. ಆ ನಗುವನ್ನು ಆಕೆಯೇ ಅಲ್ಲಿಂದ ಕಟ್ಟಿ ಕಳಿಸಿದ ಹಾಗಿತ್ತು. ನನಗೆ ಅದನ್ನೂ ಸಹಿಸಲಾಗಲಿಲ್ಲ. ಆದರೂ ಕೇಳುತ್ತ ಕೂರುತ್ತಿದ್ದೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಆಕೆಗೆ ಎದೆನೋವು ಬಂತು. ಆಸ್ಪತ್ರೆಗೆ ಒಯ್ದರು, ಉಳಿಯಲಿಲ್ಲ. ಆ ಅಂಗಳದಲ್ಲೇ ಕೂಡ್ರಿಸಿದರು, ಹಣೆಗೆ ವಿಭೂತಿ, ಕೊರಳಿಗೆ ಹೂವು. ಊರೆಲ್ಲ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಬಂತು. ಯಾರಿಗೂ ಯಾರೂ ಕಾಲು ಒರೆಸಿಕೊಳ್ಳಿ ಎನ್ನಲಿಲ್ಲ. ಕರ್ಪೂರದ ಮಸಿ, ತುಳಿದ ಚೆಂಡುಹೂವು, ದೀಪದ ಎಣ್ಣೆ, ಎಲ್ಲ ನೆಲಕ್ಕೆ ಅಂಟಿತ್ತು. ನನ್ನ ಸೊಸೆ ಆಕೆಯ ಮಗ್ಗುಲಿಗೆ ಕೂತು, ಹೆತ್ತ ಮಗಳು ಅಳುವ ಹಾಗೆ ಅಳುತ್ತಿದ್ದಳು. ಜಾಗ ಬಿಟ್ಟು ಏಳಲಿಲ್ಲ.

ಆಕೆಯ ಕಡೆಯ ಹೆಂಗಸರು ಹರಿಹರದಿಂದ ಬಂದಿದ್ದರು. ಅವರಲ್ಲಿ ಒಬ್ಬಳು ನನ್ನ ಪಕ್ಕಕ್ಕೆ ಸರಿದು, "ಮಗ್ಗಲಾಗ ಕೂತಾಕಿ ಯಾರ್ರಿ? ಏನಾಗ್ಬೇಕು ಇವರಿಗೆ? ಮಗಳಿಲ್ಲಲ್ಲ ಇವರಿಗೆ?" ಎಂದು ಕೇಳಿದಳು.

ನನ್ನ ಸೊಸೆ ಎನ್ನಬಹುದಿತ್ತು. ಅದು ಸುಳ್ಳೂ ಅಲ್ಲ. ಎದ್ದು ಬಾ ಎಂದು ಕರೆದುಕೊಂಡು ಹೋಗಲೂಬಹುದಿತ್ತು. ಎದುರುಮನೆಯವರು ಅಷ್ಟು ಹೊತ್ತು ಅಲ್ಲಿ ಕೂರಬೇಕಿಲ್ಲ. ಬಾಯಿ ತೆರೆದೆ. ಆ ಹುಡುಗಿಯ ಬೆನ್ನು ನೋಡಿದೆ. "ಮಗಳು" ಎಂದೆ.

ಆ ಹೆಂಗಸು ಹೋಗಿ ಸೊಸೆಯ ಸೆರಗು ಸರಿ ಮಾಡಿ, ಕುಡಿಯಲು ನೀರು ಕೊಟ್ಟಳು. ಮಣ್ಣು ಮಾಡಿ ಬಂದ ಮೇಲೂ ಸೊಸೆ ಅಲ್ಲೇ ಉಳಿದಳು. ನಾನು ಕರೆಯಲಿಲ್ಲ.

ಮರುದಿನ ಬೆಳಗ್ಗೆ ಬೇಗ ಎದ್ದು, ತಲೆಗೆ ನೀರು ಹಾಕಿಕೊಂಡು, ಅನ್ನ, ಬೇಳೆಸಾರು, ಬದನೆಕಾಯಿ ಪಲ್ಯ ಮಾಡಿ ಬುತ್ತಿ ಕಟ್ಟಿದೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಆ ಹೊತ್ತಿಗೆ ಬುತ್ತಿ ಒಯ್ಯುವವರು ಬೀಗರು. ಬುತ್ತಿಯನ್ನು ತಲೆಯ ಮೇಲೆ ಹೊತ್ತು, ರಸ್ತೆ ದಾಟಿ, ನನ್ನ ಸೊಸೆಯ ತವರಿಗೆ ಹೋದೆ.